ಬರೀ ‘ಸವೆತ’ ಅಂತ ಬಿಡಬೇಡಿ: ಕುಸಿದ ಬೆನ್ನುಮಣಿ ಬಗ್ಗೆ ಓದುಗರ ಪ್ರಶ್ನೆಗಳು

ಅರವತ್ತೈದು ದಾಟಿದವರ ಬೆನ್ನುನೋವಿನ ಬಗ್ಗೆ ಮೈಸೂರು, ಮಂಡ್ಯ ಸೀಮೆಯಿಂದ ಬಂದ ಪತ್ರಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನ ಪತ್ರಗಳಲ್ಲಿ ಕಾಣುವ ಎಡವಟ್ಟು ಒಂದೇ. ನೋವಿಗೆ ಮಾತ್ರೆ ಸಿಕ್ಕಿದೆ, ಸೊಂಟಕ್ಕೆ ಬೆಲ್ಟ್ ಸಿಕ್ಕಿದೆ, ಮೂಳೆಗೆ ಮಾತ್ರ ಏನೂ ಸಿಕ್ಕಿಲ್ಲ.

ಪ್ರಶ್ನೆ: ಅಮ್ಮನಿಗೆ 72 ವರ್ಷ. ಮೈಸೂರಿಗೆ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಹೋಗುವಾಗ ಹಂಪ್ ಬಂದು ಎತ್ತಿ ಕುಕ್ಕಿತು. ಅವತ್ತಿನಿಂದ ನಡುಬೆನ್ನಿನಲ್ಲಿ ನೋವು. ಮಲಗಿದ್ದರೆ ಪರವಾಗಿಲ್ಲ, ಏಳುವಾಗ ಪ್ರಾಣ ಹೋಗುತ್ತೆ ಅನ್ನುತ್ತಾರೆ. ಸೊಂಟದ ಎಕ್ಸ್‌ರೇ ನೋಡಿ ‘ಸವೆತ ಇದೆ, ವಯಸ್ಸಿಗೆ ಸಹಜ’ ಎಂದರು. ಹತ್ತು ದಿನವಾದರೂ ಇಳಿದಿಲ್ಲ. (ಪಾಂಡವಪುರ)

ಉತ್ತರ: ನೀವು ಬರೆದ ನಾಲ್ಕು ಸಾಲಿನಲ್ಲೇ ಅರ್ಧ ರೋಗ ಸಿಕ್ಕಿದೆ. ಎಪ್ಪತ್ತು ದಾಟಿದ ಹೆಂಗಸು, ಸಣ್ಣದೊಂದು ಕುಕ್ಕು, ಆ ಗಳಿಗೆಯಿಂದಲೇ ನೋವು, ಮಲಗಿದರೆ ಇಳಿತ, ಹೊರಳುವಾಗ, ಏಳುವಾಗ ಏರಿಕೆ. ಇಷ್ಟಿದ್ದರೆ ಬೆನ್ನುಮೂಳೆಯ ಮಣಿ ಕುಸಿದಿದೆ ಎಂದೇ ಹಿಡಿದು ಮುಂದುವರಿಯಬೇಕು, ಅಲ್ಲವೆಂದು ಪರೀಕ್ಷೆ ತೋರಿಸುವವರೆಗೆ. ಇದಕ್ಕೆ ಬೀಳಲೇಬೇಕೆಂದಿಲ್ಲ. ತುಂಬಿದ ಬಿಂದಿಗೆ ಎತ್ತಿದರೂ, ಜೋರಾಗಿ ಸೀನಿದರೂ, ಬಗ್ಗಿ ಹಾಸಿಗೆ ಮಡಚಿದರೂ ಟೊಳ್ಳಾದ ಮಣಿ ಕುಸಿಯುತ್ತದೆ.

ಎಕ್ಸ್‌ರೇ ತೆಗೆದ ಜಾಗವೇ ತಪ್ಪಿರಬಹುದು. ಚೀಟಿಯಲ್ಲಿ ‘ಎಲ್‌ಎಸ್ ಸ್ಪೈನ್’ ಎಂದಿದ್ದರೆ ಫಿಲ್ಮಿನ ನಡುವೆ ಬರುವುದು ಸೊಂಟದ ಮಣಿಗಳು; ಎದೆಭಾಗದ ಕೊನೆಯ ಮಣಿ ಮೇಲಿನ ಅಂಚಿನಲ್ಲಿ ಅರ್ಧ ಕತ್ತರಿಸಿ ಹೋಗಿರುತ್ತದೆ. ಕುಸಿತ ಹೆಚ್ಚಾಗಿ ಆಗುವುದು ಅಲ್ಲೇ, ಎದೆಯ 12ನೇ ಮಣಿ ಮತ್ತು ಸೊಂಟದ 1ನೇ ಮಣಿಯಲ್ಲಿ. ಮೇಲ್ಗಡೆ ಪಕ್ಕೆಲುಬಿನ ಗೂಡು ಬೆನ್ನನ್ನು ಬಿಗಿಯಾಗಿ ಹಿಡಿದಿರುತ್ತದೆ, ಕೆಳಗಡೆ ಸೊಂಟ ಸಲೀಸಾಗಿ ಬಾಗುತ್ತದೆ. ಬಿಗಿಯೂ ಸಡಿಲವೂ ಸೇರುವ ಆ ಸಂದಿಗೆ ಪೆಟ್ಟು ಬೀಳುತ್ತದೆ. ಅದರ ನಂತರ ಹೆಚ್ಚು ಕುಸಿಯುವುದು ಎದೆಯ 7, 8ನೇ ಮಣಿ. ಹಾಗಾಗಿ ‘ಡಾರ್ಸೊಲಂಬಾರ್ ಸ್ಪೈನ್, ಎಪಿ ಮತ್ತು ಲ್ಯಾಟರಲ್’ ಎಂದು ಬರೆಸಿಕೊಂಡು ಮತ್ತೆ ತೆಗೆಸಿ. ಪಕ್ಕದಿಂದ ತೆಗೆದ ಲ್ಯಾಟರಲ್ ಚಿತ್ರವೇ ಮುಖ್ಯ.

ಆ ಫಿಲ್ಮನ್ನು ಕಿಟಕಿ ಬೆಳಕಿಗೆ ಹಿಡಿದರೆ ನಿಮಗೂ ಗೊತ್ತಾಗುತ್ತದೆ. ಮಣಿಗಳು ಇಟ್ಟಿಗೆ ಪೇರಿಸಿದ ಹಾಗೆ ಚೌಕಾಕಾರವಾಗಿ ಕಾಣಬೇಕು. ಕುಸಿದ ಮಣಿ ಬಾಗಿಲ ಸಂದಿಗೆ ಹೊಡೆಯುವ ಬೆಣೆಯ ಹಾಗಿರುತ್ತದೆ, ಮುಂದೆ ಕುಗ್ಗಿ, ಹಿಂದೆ ಎತ್ತರ ಉಳಿದು. ಎತ್ತರ ಶೇ 20ರಿಂದ 25ರಷ್ಟು ಕುಗ್ಗಿದ್ದರೆ ಅಲ್ಪ, 40ರವರೆಗೆ ಮಧ್ಯಮ, ಅದಕ್ಕೂ ಮೀರಿದರೆ ತೀವ್ರ ಎಂದು ವರ್ಗ ಮಾಡುತ್ತಾರೆ. ಮೊದಲ ಕೆಲವು ದಿನ ಚಿತ್ರ ಸರಿಯಾಗೇ ಕಂಡು, ಎರಡು ವಾರದ ಹೊತ್ತಿಗೆ ಬೆಣೆಯಾಗುವುದೂ ಉಂಟು. ನೋವು ಇಳಿಯದಿದ್ದರೆ ಮತ್ತೊಮ್ಮೆ ಎಕ್ಸ್‌ರೇ, ಇಲ್ಲವೇ ನೇರ ಎಂಆರ್‌ಐ.

‘ಸವೆತ’ ಎಂಬ ಮಾತಿನ ಬಗ್ಗೆಯೂ ಒಂದೆರಡು ಮಾತು. ನಮ್ಮಲ್ಲಿ ಡಿಸ್ಕ್ ಒಣಗಿದರೂ ಸವೆತ, ಮಂಡಿ ಕೀಲು ಹೋದರೂ ಸವೆತ, ಮೂಳೆಯೊಳಗಿನ ಸಾಂದ್ರತೆ ಕರಗಿದರೂ ಸವೆತ. ಮೊದಲ ಎರಡಕ್ಕೆ ವಯಸ್ಸೆಂದು ಸುಮ್ಮನಿರಬಹುದು. ಮೂರನೆಯದು ಆಸ್ಟಿಯೊಪೊರೋಸಿಸ್, ಅದಕ್ಕೆ ಔಷಧವಿದೆ. ಇನ್ನು ಮುಂದೆ ಯಾರಾದರೂ ಸವೆತ ಎಂದರೆ ‘ಯಾವುದರ ಸವೆತ, ಕೀಲಿನದೋ ಮೂಳೆಯದೋ’ ಎಂದು ಕೇಳಿಬಿಡಿ.

ಪ್ರಶ್ನೆ: ಅಜ್ಜಿಯ ಎಂಆರ್‌ಐ ರಿಪೋರ್ಟಿನಲ್ಲಿ ‘ಡಿ12 ವೆಜ್ ಕಂಪ್ರೆಷನ್, ಮ್ಯಾರೊ ಎಡಿಮಾ, ಎಲ್3 ಓಲ್ಡ್ ಕೊಲ್ಯಾಪ್ಸ್’ ಎಂದಿದೆ. ಕ್ಯಾನ್ಸರ್ ಇರಬಹುದೇ ಎಂದು ಮನೆಯಲ್ಲಿ ಎಲ್ಲರಿಗೂ ಭಯ. ಇನ್ನೂ ಏನೇನು ಪರೀಕ್ಷೆ ಬೇಕು? (ಸರಸ್ವತಿಪುರಂ, ಮೈಸೂರು)

ಉತ್ತರ: ಡಿ12 ಎಂದರೂ ಟಿ12 ಎಂದರೂ ಅದೇ ಮಣಿ, ಎದೆಭಾಗದ ಹನ್ನೆರಡನೆಯದು. ‘ವೆಜ್ ಕಂಪ್ರೆಷನ್’ ಎಂದರೆ ಅದು ಬೆಣೆಯಾಗಿ ಕುಸಿದಿದೆ. ‘ಎಡಿಮಾ’ ಎಂದರೆ ಮಣಿಯೊಳಗಿನ ಮಜ್ಜೆಯಲ್ಲಿ ನೀರು ತುಂಬಿ ಊತ ಬಂದಿದೆ, ಪೆಟ್ಟು ಹೊಸದು ಎಂದರ್ಥ. ಎಂಆರ್‌ಐನಲ್ಲಿ ಟಿ1 ಎನ್ನುವ ಚಿತ್ರದಲ್ಲಿ ಅದು ಕಪ್ಪಾಗಿಯೂ ‘ಸ್ಟರ್’ ಎನ್ನುವ ಚಿತ್ರದಲ್ಲಿ ಬೆಳ್ಳಗೂ ಕಾಣುತ್ತದೆ. ಎಲ್3, ಅಂದರೆ ಸೊಂಟದ ಮೂರನೆಯ ಮಣಿ, ಹಿಂದೆಂದೋ ಕುಸಿದು ಕೂಡಿಕೊಂಡಿದ್ದು. ಅಂದರೆ ಅಜ್ಜಿಗೆ ಇದು ಎರಡನೆಯ ಮುರಿತ. ಮೊದಲನೆಯದು ಯಾರ ಗಮನಕ್ಕೂ ಬಂದಿಲ್ಲ. ಇದರಲ್ಲಿ ಆಶ್ಚರ್ಯವೇನೂ ಇಲ್ಲ, ಇಂಥ ಮುರಿತಗಳಲ್ಲಿ ಮೂರರಲ್ಲಿ ಎರಡು ಪಾಲು ಆದದ್ದೇ ಗೊತ್ತಾಗದೆ ಕಳೆದುಹೋಗುತ್ತವೆ.

ಕ್ಯಾನ್ಸರ್ ಅನುಮಾನ ಬರುವುದು ಕೆಲವು ಗುರುತುಗಳಿಂದ. ಟೊಳ್ಳು ಮೂಳೆ ಕುಸಿದರೆ ಮಣಿಯ ಹಿಂಗೋಡೆ ಸಾಮಾನ್ಯವಾಗಿ ನೆಟ್ಟಗೋ ಕೋನವಾಗಿಯೋ ಉಳಿಯುತ್ತದೆ. ಗಡ್ಡೆಯಿಂದಾದರೆ ಬೆನ್ನುಹುರಿಯ ಕಡೆಗೆ ಉಬ್ಬಿರುತ್ತದೆ, ಟಿ1 ಚಿತ್ರದಲ್ಲಿ ಮಣಿಯ ಮಜ್ಜೆಯೆಲ್ಲ ಕಪ್ಪಾಗಿರುತ್ತದೆ, ಸುತ್ತ ಮಾಂಸದ ಮುದ್ದೆಯೂ ಕಾಣಬಹುದು. ಎದುರಿನಿಂದ ತೆಗೆದ ಎಕ್ಸ್‌ರೇಯಲ್ಲಿ ಒಂದೊಂದು ಮಣಿಯೂ ಗೂಬೆ ಮುಖದ ಹಾಗಿರುತ್ತದೆ. ಎರಡು ದುಂಡು ಕಣ್ಣುಗಳು ಪೆಡಿಕಲ್ ಎಂಬ ಮೂಳೆಕಂಬಗಳು, ನಡುವಿನ ಚೂಪು ಮೂಗು ಹಿಂದಿನ ಮುಳ್ಳುಮೂಳೆ. ಒಂದು ಕಣ್ಣು ಮಾಯವಾಗಿದ್ದರೆ, ಗೂಬೆ ಕಣ್ಣು ಹೊಡೆದ ಹಾಗೆ ಕಂಡರೆ, ಆ ಕಂಬವನ್ನು ಏನೋ ತಿಂದಿದೆ. ಎದೆಯ 5ನೇ ಮಣಿಗಿಂತ ಮೇಲೆ ಒಂಟಿ ಮಣಿ ಕುಸಿದಿದ್ದರೂ ಅನುಮಾನ ಪಡಬೇಕು. ಸ್ತನ, ಪ್ರಾಸ್ಟೇಟ್, ಶ್ವಾಸಕೋಶದ ಕ್ಯಾನ್ಸರ್ ಹಿಂದೆ ಆಗಿತ್ತೇ ಎಂಬುದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ.

ರಕ್ತಪರೀಕ್ಷೆಗಳು ಇಷ್ಟು: ಹಿಮೋಗ್ಲೋಬಿನ್ ಸಹಿತ ಸಿಬಿಸಿ, ಇಎಸ್‌ಆರ್, ಕ್ರಿಯಾಟಿನಿನ್, ಕ್ಯಾಲ್ಸಿಯಂ, ಫಾಸ್ಫರಸ್, ಆಲ್ಕಲೈನ್ ಫಾಸ್ಫಟೇಸ್, ವಿಟಮಿನ್ ಡಿ, ಥೈರಾಯ್ಡ್. ರಕ್ತಹೀನತೆ, ಏರಿದ ಇಎಸ್‌ಆರ್, ಏರಿದ ಕ್ರಿಯಾಟಿನಿನ್ ಅಥವಾ ಕ್ಯಾಲ್ಸಿಯಂ ಒಟ್ಟಿಗೆ ಬಂದರೆ ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರ್ ಇಲ್ಲವೆಂದು ಖಚಿತ ಮಾಡಿಕೊಳ್ಳಲು ಸೀರಮ್ ಪ್ರೊಟೀನ್ ಎಲೆಕ್ಟ್ರೋಫೊರೆಸಿಸ್, ಫ್ರೀ ಲೈಟ್ ಚೈನ್ ಎರಡೂ ಬೇಕು. ಬೋನ್ ಸ್ಕ್ಯಾನ್ ಒಂದನ್ನೇ ನಂಬಬೇಡಿ, ಮೈಲೋಮಾ ಅದಕ್ಕೆ ಸಿಗದೆ ತಪ್ಪಿಸಿಕೊಳ್ಳಬಹುದು.

ನಮ್ಮ ಕಡೆ ಇನ್ನೂ ಎರಡು ರೋಗ ಮರೆಯಬಾರದು. ಸಂಜೆ ಜ್ವರ, ತೂಕ ಇಳಿತ, ರಾತ್ರಿಯೂ ಬಿಡದ ನೋವು ಇದ್ದು, ಅಕ್ಕಪಕ್ಕದ ಎರಡು ಮಣಿಯೂ ನಡುವಿನ ಡಿಸ್ಕೂ ಒಟ್ಟಿಗೆ ಹಾಳಾಗಿದ್ದರೆ ಅದು ಕ್ಷಯ. ಟೊಳ್ಳು ಮೂಳೆ ಕುಸಿದಾಗ ಡಿಸ್ಕ್ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. ವ್ಯತ್ಯಾಸ ಹಿಡಿಯುವುದೇ ಅಲ್ಲಿ. ಸೂಜಿಯಲ್ಲಿ ಚೂರು ತೆಗೆದು, ಕ್ಷಯದ ರೋಗಾಣು ಪತ್ತೆಹಚ್ಚುವ ಸಿಬಿನಾಟ್ ಪರೀಕ್ಷೆ ಮಾಡಿ ಖಚಿತಪಡಿಸುತ್ತಾರೆ. ಸರ್ಕಾರಿ ವ್ಯವಸ್ಥೆಯಲ್ಲಿ ಔಷಧ ಉಚಿತ, ಬೆನ್ನಿನ ಕ್ಷಯಕ್ಕೆ ಸಾಮಾನ್ಯವಾಗಿ 12 ತಿಂಗಳಿಗೆ ಕಡಿಮೆಯಿಲ್ಲ. ಎರಡನೆಯದು ಬ್ರುಸೆಲ್ಲಾ, ಸಾಕುಪ್ರಾಣಿಗಳಿಂದ ಹರಡುವ ಸೋಂಕು. ಕುರಿ, ಮೇಕೆ, ಹಸು ಸಾಕುವವರು, ಕರು ಹಾಕಿಸುವವರು, ಕಾಯಿಸದ ಹಾಲು ಕುಡಿಯುವವರಲ್ಲಿ ಬಿಟ್ಟು ಬಿಟ್ಟು ಜ್ವರ, ಬೆವರು, ಸೊಂಟನೋವು ಇದ್ದರೆ ಆ ರಕ್ತಪರೀಕ್ಷೆಯನ್ನೂ ಕೇಳಿ.

ನಿಮ್ಮ ರಿಪೋರ್ಟಿನಲ್ಲಿ ಇದ್ಯಾವುದರ ಸುಳಿವೂ ಬರೆದಿಲ್ಲ. ರಕ್ತಪರೀಕ್ಷೆಯೂ ಸರಿ ಬಂದರೆ ಭಯ ಬಿಡಿ.

ಪ್ರಶ್ನೆ: ಎಷ್ಟು ದಿನ ಮಲಗಿರಬೇಕು? ಒಬ್ಬರು ಮೂರು ತಿಂಗಳು ಅಲ್ಲಾಡಬಾರದು ಅಂದರು, ಇನ್ನೊಬ್ಬರು ನಾಳೆಯಿಂದಲೇ ನಡೆಸಿ ಅಂದರು. ಯಾವ ಬೆಲ್ಟ್ ತರಬೇಕು? (ಮದ್ದೂರು)

ಉತ್ತರ: ಎರಡನೆಯವರ ಮಾತು ಸತ್ಯಕ್ಕೆ ಹತ್ತಿರ. ನೋವು ಕೆರಳಿರುವ ಮೊದಲ ಕೆಲವು ದಿನ ಹಾಸಿಗೆ ಸರಿ. ಅದಕ್ಕಿಂತ ಹೆಚ್ಚು ಮಲಗಿಸಿದರೆ ಮೂಳೆ ಇನ್ನೂ ಕರಗುತ್ತದೆ, ತೊಡೆಯ ಸ್ನಾಯು ಸೊರಗುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು, ನ್ಯುಮೋನಿಯಾ, ಬೆನ್ನಹುಣ್ಣು ಬರುತ್ತವೆ. ಮುರಿತದಿಂದ ಹೋಗುವ ಜೀವಕ್ಕಿಂತ ಹಾಸಿಗೆಯಿಂದ ಹೋಗುವ ಜೀವ ಹೆಚ್ಚು. ದಿನಕ್ಕೆ ಐದಾರು ಬಾರಿ, ಒಂದೊಂದು ಸಲ ಐದು ಹತ್ತು ನಿಮಿಷ, ಒಬ್ಬರು ಜೊತೆಗಿದ್ದು ಎಬ್ಬಿಸಿ ನಡೆಸಿ. ಒಂದೇ ಸಲ ಗಂಟೆಗಟ್ಟಲೆ ಕೂರಿಸಬೇಡಿ; ಬಾಗಿ ಕೂತಾಗ ಮಣಿಯ ಮೇಲೆ ಭಾರ ಹೆಚ್ಚು.

ಹಾಸಿಗೆಯಿಂದ ಏಳಿಸುವುದರಲ್ಲೇ ಅರ್ಧ ಚಿಕಿತ್ಸೆ ಇದೆ. ಅಂಗಾತ ಮಲಗಿದವರ ಎರಡೂ ಕೈ ಹಿಡಿದು ನೇರ ಎಳೆದು ಕೂರಿಸುವುದು ನಮ್ಮ ಮನೆಗಳ ರೂಢಿ. ಆಗ ಇಡೀ ಮೈಭಾರ ಮುರಿದ ಮಣಿಯ ಮುಂಭಾಗಕ್ಕೆ ಬೀಳುತ್ತದೆ. ಹಾಗೆ ಮಾಡಬೇಡಿ. ಮೊದಲು ಎರಡೂ ಮಂಡಿ ಮಡಚಿಸಿ. ಭುಜ, ಸೊಂಟ, ಮಂಡಿ ಮೂರೂ ಒಟ್ಟಿಗೆ ತಿರುಗುವ ಹಾಗೆ, ಮರದ ದಿಮ್ಮಿ ಉರುಳಿಸಿದಂತೆ, ಮಂಚದ ಅಂಚಿನ ಕಡೆಗೆ ಮಗ್ಗುಲು ಹಾಕಿಸಿ. ಕಾಲುಗಳು ಮಂಚದಿಂದ ಕೆಳಗೆ ಇಳಿಯಲಿ. ಅದೇ ಹೊತ್ತಿಗೆ ಕೆಳಗಿನ ಮೊಣಕೈ ಊರಿ, ಮೇಲಿನ ಕೈಯನ್ನು ಹಾಸಿಗೆಗೆ ಒತ್ತಿ ಎದ್ದು ಕೂರಲಿ. ನೀವು ಭುಜದ ಹಿಂದೆ ಒಂದು ಕೈ, ಮಂಡಿಯ ಹಿಂದೆ ಒಂದು ಕೈ ಕೊಟ್ಟರೆ ಸಾಕು, ಎಳೆಯುವ ಕೆಲಸವಿಲ್ಲ. ಒಂದು ನಿಮಿಷ ಕೂರಿಸಿ, ತಲೆಸುತ್ತು ಇಲ್ಲವೆಂದು ನೋಡಿ ನಿಲ್ಲಿಸಿ. ಮಲಗಿಸುವಾಗ ಇದೇ ಕ್ರಮ ಹಿಂದುಮುಂದು. ಚಾಪೆ ಮೇಲೆ ಮಲಗುವ ಅಭ್ಯಾಸವಿದ್ದರೆ ಮೂರು ತಿಂಗಳು ಮಂಚಕ್ಕೆ ಬದಲಾಯಿಸಿ. ಕುಕ್ಕರಗಾಲಿನ ಶೌಚಾಲಯವಾದರೆ ಕಮೋಡ್ ಕುರ್ಚಿ ತನ್ನಿ.

ಬೆಲ್ಟ್ ವಿಷಯ. ಅಂಗಡಿಯವರು ಕೊಡುವ ಅಗಲವಾದ ಸೊಂಟದ ಪಟ್ಟಿ ಡಿ12ರ ಎತ್ತರಕ್ಕೆ ತಲುಪುವುದೇ ಇಲ್ಲ. ಆ ಮಣಿಗೆ ಬೇಕಾದ್ದು ಭುಜಕ್ಕೆ ಪಟ್ಟಿ ಇರುವ ಟೇಲರ್ ಬ್ರೇಸ್, ಅಥವಾ ಎದೆ, ಕೆಳಹೊಟ್ಟೆ, ಬೆನ್ನು ಮೂರು ಕಡೆ ಒತ್ತು ಕೊಡುವ ಆ್ಯಷ್ ಬ್ರೇಸ್. ಎದ್ದಿರುವಾಗ ಮಾತ್ರ ಹಾಕಿ, ಮಲಗುವಾಗ ಬಿಚ್ಚಿ. ಆರರಿಂದ ಎಂಟು ವಾರ, ತೀರಾ ಹೆಚ್ಚೆಂದರೆ ಹನ್ನೆರಡು. ಬ್ರೇಸ್ ಮೂಳೆಯನ್ನು ಕೂಡಿಸುವುದಿಲ್ಲ, ಮುಂದೆ ಬಾಗದಂತೆ ತಡೆದು ನೋವು ತಗ್ಗಿಸುತ್ತದೆ ಅಷ್ಟೆ. ಬಡಕಲು ದೇಹದ ಅಜ್ಜಿಗೆ ಉಸಿರು ಕಟ್ಟುವಂತಾದರೆ, ಚರ್ಮ ತರಚಿದರೆ ಬಲವಂತ ಬೇಡ.

ನೋವಿಗೆ ಮೊದಲ ಆಯ್ಕೆ ಪ್ಯಾರಸಿಟಮಾಲ್ 500 ಅಥವಾ 650 ಮಿ.ಗ್ರಾಂ, ದಿನಕ್ಕೆ ಮೂರು ನಾಲ್ಕು ಬಾರಿ, ಹೊತ್ತಿಗೆ ಸರಿಯಾಗಿ. ಒಟ್ಟು 3 ಗ್ರಾಂ ದಾಟಬಾರದು. ಡೈಕ್ಲೊಫೆನಾಕ್, ಎಸಿಕ್ಲೊಫೆನಾಕ್ ಮಾತ್ರೆಗಳನ್ನು ಬಿ.ಪಿ., ಶುಗರ್, ಮೂತ್ರಪಿಂಡದ ತೊಂದರೆ ಇರುವವರು ಮೆಡಿಕಲ್ ಶಾಪಿನಿಂದ ತಂದು ನುಂಗುತ್ತಾ ಹೋದರೆ ಬೆನ್ನು ವಾಸಿಯಾಗುವ ಹೊತ್ತಿಗೆ ಕಿಡ್ನಿ ಕೂರುತ್ತದೆ. ಟ್ರಮಡಾಲ್ ಕೊಟ್ಟರೆ ಮಲಬದ್ಧತೆ, ವಾಂತಿ, ಕೆಲವರಿಗೆ ಬಡಬಡಿಕೆ. ಮುಕ್ಕಿದಾಗ ಬೆನ್ನಿನ ಮೇಲೆ ಒತ್ತಡ ಬೀಳುವುದರಿಂದ ಮಲ ಸಡಿಲವಾಗುವ ಔಷಧವನ್ನು ಮೊದಲ ದಿನದಿಂದಲೇ ಜೊತೆಗೆ ಕೊಡಬೇಕು. ಕ್ಯಾಲ್ಸಿಟೋನಿನ್ ಮೂಗಿನ ಸ್ಪ್ರೇ, ದಿನಕ್ಕೆ 200 ಯೂನಿಟ್, ಎರಡರಿಂದ ನಾಲ್ಕು ವಾರ ಕೊಟ್ಟರೆ ಹೊಸ ಮುರಿತದ ನೋವು ಕೆಲವರಿಗೆ ಚೆನ್ನಾಗಿ ಇಳಿಯುತ್ತದೆ. ದೀರ್ಘಕಾಲಕ್ಕಲ್ಲ.

ನೋವು ಪಕ್ಕೆಲುಬಿನ ಗುಂಟ ಹೊಟ್ಟೆಗೆ ಸುತ್ತಿ ಬರುವುದುಂಟು. ಗ್ಯಾಸ್ ಎಂದುಕೊಂಡು ಹೊಟ್ಟೆ ಸ್ಕ್ಯಾನ್ ಮಾಡಿಸಿ ದುಡ್ಡು ಕಳೆದವರು ಬೇಕಾದಷ್ಟು ಜನ.

ಪ್ರಶ್ನೆ: ಕಾಲು ಮುಂದಾಗಿ ಹುಟ್ಟಿದವರ ಕೈಲಿ ಸೊಂಟಕ್ಕೆ ಒದೆಸಿದರೆ ಹಿಡ್ಕೊಂಡಿದ್ದು ಬಿಡುತ್ತೆ ಅಂತಾರೆ. ಎಣ್ಣೆ ಹಚ್ಚಿ ನೀವಿಸಬಹುದಾ? (ಮಳವಳ್ಳಿ)

ಉತ್ತರ: ಇಪ್ಪತ್ತೈದರ ಹುಡುಗನ ಉಳುಕಿಗೆ ಒದ್ದರೆ ಉಳುಕು ತಾನಾಗಿಯೇ ಹೋಗುವ ದಿನ ಬಂದಿರುತ್ತದೆ, ಒದ್ದವರಿಗೆ ಹೆಸರು ಬರುತ್ತದೆ. ಎಪ್ಪತ್ತರ ಟೊಳ್ಳು ಮೂಳೆಗೆ ಒದ್ದರೆ ಪಕ್ಕದ ಮಣಿಯೂ ಹೋಗುತ್ತದೆ. ಬೆನ್ನೊತ್ತಿ ‘ಲಟಕ್’ ಅನ್ನಿಸುವುದು, ಮೈಮೇಲೆ ಹತ್ತಿ ತುಳಿಯುವುದು, ಎಳೆಯುವುದು ಯಾವುದೂ ಬೇಡ. ಬಿಸಿನೀರಿನ ಚೀಲ ಇಡಬಹುದು, ಎಣ್ಣೆ ಮೇಲಿಂದ ಮೇಲೆ ಸವರಬಹುದು. ಒತ್ತಬಾರದು.

ಪ್ರಶ್ನೆ: ಸೂಜಿಯಲ್ಲಿ ಸಿಮೆಂಟ್ ತುಂಬಿಸಿದರೆ ಅವತ್ತೇ ನಡೆಯಬಹುದು ಎಂದು ಸಲಹೆ ಕೊಟ್ಟಿದ್ದಾರೆ. ತಂದೆಗೆ 78. ಮುರಿತವಾಗಿ ಹನ್ನೆರಡು ದಿನ. ಮಾಡಿಸಲೇ? (ಕುವೆಂಪುನಗರ, ಮೈಸೂರು)

ಉತ್ತರ: ಅವಸರ ಬೇಡ. ತಂದೆ ಈಗ ಹೇಗಿದ್ದಾರೆ ಎಂಬುದರ ಮೇಲೆ ಉತ್ತರ ನಿಂತಿದೆ.

ಮೊದಲು ಅದೇನೆಂದು ತಿಳಿಯಿರಿ. ವರ್ಟಿಬ್ರೊಪ್ಲಾಸ್ಟಿಯಲ್ಲಿ ರೋಗಿಯನ್ನು ಬೋರಲು ಮಲಗಿಸಿ, ಆ ಜಾಗಕ್ಕಷ್ಟೇ ಅರಿವಳಿಕೆ ಕೊಟ್ಟು, ಸಿ-ಆರ್ಮ್ ಎಕ್ಸ್‌ರೇ ನೋಡುತ್ತಾ ಪೆಡಿಕಲ್ ಮೂಲಕ 11 ಅಥವಾ 13 ಗೇಜಿನ ಸೂಜಿಯನ್ನು ಮಣಿಯೊಳಗೆ ಇಳಿಸುತ್ತಾರೆ. ಸಿಮೆಂಟ್ ಎಂದರೆ ಕಟ್ಟಡದ್ದಲ್ಲ, ಪಿಎಂಎಂಎ ಎಂಬ ಅಕ್ರಿಲಿಕ್. ಕಟ್ಟಿಸುವ ಹಲ್ಲಿನ ಸೆಟ್ಟಿಗೆ ಬಳಸುವ ಜಾತಿಯದೇ. ಪುಡಿಯನ್ನೂ ದ್ರವವನ್ನೂ ಬೆರೆಸಿ, ಟೂತ್‌ಪೇಸ್ಟಿನ ಹದಕ್ಕೆ ಬಂದ ಮೇಲೆ 2ರಿಂದ 4 ಮಿ.ಲೀ. ತುಂಬುತ್ತಾರೆ. ಈ ಹದವೇ ಎಲ್ಲ. ನೀರಾಗಿದ್ದಾಗ ತಳ್ಳಿದರೆ ಬಿರುಕಿನಿಂದ ಸೋರಿ ಬೆನ್ನುಹುರಿಯ ಕಡೆಗೋ, ರಕ್ತನಾಳ ಹಿಡಿದು ಶ್ವಾಸಕೋಶಕ್ಕೋ ಹೋಗುತ್ತದೆ. ತಡಮಾಡಿದರೆ ಸೂಜಿಯೊಳಗೇ ಗಟ್ಟಿಯಾಗುತ್ತದೆ. ಕೈಫೊಪ್ಲಾಸ್ಟಿಯಲ್ಲಿ ಮೊದಲು ಬಲೂನು ಉಬ್ಬಿಸಿ ಜಾಗ ಮಾಡಿಕೊಂಡು ತುಂಬುತ್ತಾರೆ; ಸೋರಿಕೆ ಕೊಂಚ ಕಡಿಮೆ, ಖರ್ಚು ಹೆಚ್ಚು.

ಫ್ರಾನ್ಸಿನಲ್ಲಿ 1984ರಲ್ಲಿ ಶುರುವಾದ ಈ ವಿಧಾನವನ್ನು 2009ರಲ್ಲಿ ಎರಡು ಅಧ್ಯಯನಗಳು ಪರೀಕ್ಷೆಗೆ ಒಡ್ಡಿದವು. ಅರ್ಧ ಜನರಿಗೆ ನಿಜವಾದ ಸಿಮೆಂಟ್, ಉಳಿದವರಿಗೆ ಸೂಜಿಯ ನಾಟಕ ಮಾತ್ರ. ಎರಡೂ ಗುಂಪಿಗೆ ನೋವು ಒಂದೇ ಥರ ಇಳಿಯಿತು. 2016ರ ಆಸ್ಟ್ರೇಲಿಯಾದ ಅಧ್ಯಯನ ಮಾತ್ರ ಮುರಿತವಾಗಿ ಆರು ವಾರದೊಳಗಿನ, ತೀವ್ರ ನೋವಿನವರಿಗೆ ಲಾಭ ತೋರಿಸಿತು. ಹಾಗಾಗಿ ವೈದ್ಯರಲ್ಲೇ ಒಮ್ಮತವಿಲ್ಲ. ಹೆಚ್ಚಿನವರ ನೋವು ಆರರಿಂದ ಹನ್ನೆರಡು ವಾರದಲ್ಲಿ ತಾನಾಗಿಯೇ ತಹಬಂದಿಗೆ ಬರುತ್ತದೆ ಎಂಬುದು ನಿಜ.

ನಮ್ಮ ಅಭಿಪ್ರಾಯ ಇದು. ಮಾತ್ರೆ, ಬ್ರೇಸ್ ಸರಿಯಾಗಿ ಮೂರು ನಾಲ್ಕು ವಾರ ನಡೆದೂ ತಂದೆ ಮಗ್ಗುಲಾಗದ ಸ್ಥಿತಿಯಲ್ಲಿದ್ದರೆ, ಎಂಆರ್‌ಐನಲ್ಲಿ ಆ ಮಣಿಯಲ್ಲೇ ಎಡಿಮಾ ಇದ್ದರೆ, ಅಥವಾ ಮುರಿತ ಕೂಡದೆ ಮಣಿಯೊಳಗೆ ಗಾಳಿಯ ಪೊಟರೆ ಉಳಿದಿದ್ದರೆ ಮಾಡಿಸುವುದರಲ್ಲಿ ಅರ್ಥವಿದೆ. ನೋವು ನಿವಾರಕ ಒಂದೂ ಮೈಗೊಗ್ಗದೆ ಆಸ್ಪತ್ರೆಯಲ್ಲೇ ಬಿದ್ದಿರುವವರಿಗೆ ಅದಕ್ಕೂ ಮುಂಚೆ ಯೋಚಿಸಬಹುದು. ಕೋಲು ಹಿಡಿದು ಬಚ್ಚಲಿಗೆ ಹೋಗಿ ಬರುತ್ತಿದ್ದರೆ ಬೇಡ. ಎಡಿಮಾ ಇಲ್ಲದ ಹಳೆಯ ಕುಸಿತಕ್ಕೆ ಸಿಮೆಂಟ್ ತುಂಬಿಸುವುದು ದುಡ್ಡು ದಂಡ. ಸೋಂಕು ಇದ್ದರಂತೂ ಮಾಡಲೇಬಾರದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಂಚೆಯೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಏನು ಸಿಗುತ್ತದೆಂದು ಖಾಸಗಿ ಆಸ್ಪತ್ರೆಗೆ ಸೇರುವ ಮೊದಲೇ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಆಮೇಲೆ ರೆಫರಲ್ ಚೀಟಿಗೆ ಅಲೆಯುವುದು ಕಷ್ಟ.

ಮತ್ತೆ, ಸಿಮೆಂಟ್ ತುಂಬಿದ್ದು ಒಂದು ಮಣಿಗೆ. ಉಳಿದ ಮಣಿಗಳು ಟೊಳ್ಳಾಗೇ ಇವೆ.

ಪ್ರಶ್ನೆ: ಅತ್ತೆ ಜೀವಮಾನವಿಡೀ ರಾಗಿಮುದ್ದೆ ತಿಂದವರು. ಮುದ್ದೆ ತಿಂದವರ ಮೂಳೆ ಕಲ್ಲು ಅಂತಾರಲ್ಲ, ಹೇಗೆ ಮುರಿಯಿತು? (ನಾಗಮಂಗಲ)

ಉತ್ತರ: ಮುದ್ದೆಯ ಮೇಲೆ ತಪ್ಪು ಹೊರಿಸಬೇಡಿ. ಇಂಡಾಫ್ ರಾಗಿ ತಳಿಗಳು ಹುಟ್ಟಿದ ಮಂಡ್ಯದ ವಿ.ಸಿ. ಫಾರ್ಮಿನ ಪಕ್ಕದಲ್ಲಿದ್ದುಕೊಂಡು ರಾಗಿಯನ್ನು ಬೈಯಲೂ ಬಾರದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿಗೆ ಹೋಲಿಸಲೂ ಆಗದಷ್ಟು. 75 ಗ್ರಾಂ ಹಿಟ್ಟಿನ ಒಂದು ಮುದ್ದೆಗೆ 260 ಎಂದಿಟ್ಟುಕೊಳ್ಳಿ. ವಯಸ್ಸಾದ ಹೆಂಗಸಿಗೆ ಬೇಕಾದ್ದು ದಿನಕ್ಕೆ 1000ದಿಂದ 1200. ಎಪ್ಪತ್ತು ದಾಟಿದವರು ಎರಡು ಮುದ್ದೆ ಉಣ್ಣುತ್ತಾರೆಯೇ? ಹಲ್ಲಿಲ್ಲ, ಹಸಿವಿಲ್ಲ ಎಂದು ಅರ್ಧಕ್ಕೆ ಬಂದಿರುತ್ತಾರೆ. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಂ ಹೀರಿಕೆಯನ್ನು ಕೊಂಚ ತಡೆಯುತ್ತದೆ. ಮೊಳಕೆ ಕಟ್ಟಿಸಿದರೆ ಅದು ತಗ್ಗುತ್ತದೆ. ಒಂದು ಲೋಟ ಹಾಲಿನಿಂದ ಸುಮಾರು 240, ಒಂದು ಹಿಡಿ ನುಗ್ಗೆಸೊಪ್ಪಿನ ಪಲ್ಯದಿಂದ ನೂರೈವತ್ತು, ಒಂದು ಚಮಚ ಎಳ್ಳಿನಿಂದ ನೂರರ ಹತ್ತಿರ. ಇವೆಲ್ಲ ಕೂಡಿದರೂ ಕಮ್ಮಿ ಬಿದ್ದಷ್ಟಕ್ಕೆ ಮಾತ್ರ ಮಾತ್ರೆ.

ಕ್ಯಾಲ್ಸಿಯಂ ಸೇರುವುದಕ್ಕೆ ವಿಟಮಿನ್ ಡಿ ಬೇಕು. ಎಪ್ಪತ್ತರ ಚರ್ಮ ಬಿಸಿಲಿನಿಂದ ಅದನ್ನು ತಯಾರಿಸುವುದು ಕಡಿಮೆ, ಮನೆಯೊಳಗೇ ಇರುವವರಿಗೆ ಇನ್ನೂ ಕಡಿಮೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಮೂಳೆ ಕರಗುವ ವೇಗ ಏರುತ್ತದೆ. ಅದನ್ನು ಬರೀ ಊಟ ತಡೆಯಲಾರದು. ಅಂದಹಾಗೆ ಪ್ರೊಟೀನ್ ಕೂಡ ನೋಡಿ. ಅನೇಕ ಅಜ್ಜಿಯರು ಉಪ್ಸಾರಿನ ತಿಳಿ ಕಲಸಿಕೊಂಡು ಉಣ್ಣುತ್ತಾರೆ, ಹುರುಳಿಕಾಳಿನ ಪಲ್ಯ ಮಕ್ಕಳ ತಟ್ಟೆಗೆ ಹೋಗಿರುತ್ತದೆ. ಸತ್ವ ಇರುವುದು ಆ ಕಾಳಿನಲ್ಲಿ.

ಎರಡು ಎಚ್ಚರಿಕೆ. ಡಬ್ಬಿಯ ಮೇಲೆ ‘ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿ.ಗ್ರಾಂ’ ಎಂದಿದ್ದರೆ ಸಿಗುವ ಕ್ಯಾಲ್ಸಿಯಂ 500 ಮಾತ್ರ. ಅದನ್ನು ಊಟದ ಜೊತೆ ನುಂಗಿ, ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಇನ್ನೊಂದು, 60,000 ಯೂನಿಟ್ಟಿನ ಡಿ ಸ್ಯಾಶೆ ಸಾಮಾನ್ಯವಾಗಿ ವಾರಕ್ಕೊಂದು, ಎಂಟು ವಾರ, ಆಮೇಲೆ ತಿಂಗಳಿಗೊಂದು. ಚೀಟಿ ತಪ್ಪಾಗಿ ಓದಿ ದಿನಕ್ಕೊಂದು ಕುಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಗೊಂದಲ, ಕಿಡ್ನಿ ತೊಂದರೆ.

ಪ್ರಶ್ನೆ: ಮೂಳೆಗೆ ವಾರದ ಮಾತ್ರೆ, ವರ್ಷದ ಡ್ರಿಪ್, ಆರು ತಿಂಗಳ ಇಂಜೆಕ್ಷನ್ ಎಂದು ಮೂರು ಹೇಳಿದರು. ದವಡೆ ಕೊಳೆಯುತ್ತದೆ ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಅಂಕ ಮೈನಸ್ 1.9 ಬಂದಿದೆ, ಔಷಧವೇ ಬೇಡವೇ? (ಮಂಡ್ಯ)

ಉತ್ತರ: ಬೇಕು. ಮೈನಸ್ 2.5 ಎಂಬ ಗೆರೆ ಮೂಳೆ ಇನ್ನೂ ಮುರಿಯದವರಿಗೆ. ಸಣ್ಣ ಕುಕ್ಕಿಗೆ ಮಣಿ ಕುಸಿದ ಮೇಲೆ ಅಂಕ ಎಷ್ಟೇ ಬರಲಿ, ಅದು ಆಸ್ಟಿಯೊಪೊರೋಸಿಸ್. ಬೆನ್ನಿನಲ್ಲಿ ಮೂಳೆಮುಳ್ಳು ಬೆಳೆದಿದ್ದರೆ, ಮಣಿ ಕುಸಿದು ಅಡಕವಾಗಿದ್ದರೆ ಡೆಕ್ಸಾ ಇರುವುದಕ್ಕಿಂತ ಚೆನ್ನಾಗಿ ತೋರಿಸುತ್ತದೆ. ತೊಡೆಸಂದಿನ ಅಂಕವನ್ನೂ ನೋಡಬೇಕು. ಒಂದು ಮಣಿ ಮುರಿದವರಲ್ಲಿ ಐವರಿಗೊಬ್ಬರಂತೆ ಒಂದೇ ವರ್ಷದೊಳಗೆ ಇನ್ನೊಂದು ಮಣಿ ಮುರಿಯುತ್ತದೆ. ಹಾಗಾಗಿ ‘ಮುಂದೆ ನೋಡೋಣ’ ಎನ್ನುವ ಕಾಲ ಇದಲ್ಲ.

ವಾರದ ಮಾತ್ರೆ ಅಲೆಂಡ್ರೊನೇಟ್ 70 ಮಿ.ಗ್ರಾಂ. ಅಗ್ಗ, ಪರಿಣಾಮಕಾರಿ, ಆದರೆ ಬೆಳಗಿನ ಶಿಸ್ತು ಬೇಡುತ್ತದೆ. ವಾರದಲ್ಲಿ ಒಂದು ದಿನ ಹಿಡಿದುಕೊಳ್ಳಿ, ಸೋಮವಾರ ಎನ್ನಿ. ಎದ್ದು, ಬರಿಹೊಟ್ಟೆಯಲ್ಲಿ, ದೊಡ್ಡ ಲೋಟ ತುಂಬಾ ಬರೀ ನೀರಿನಲ್ಲಿ ನುಂಗಬೇಕು. ಅರ್ಧ ಗಂಟೆ ನೆಟ್ಟಗೆ ಕೂತಿರಬೇಕು ಅಥವಾ ಓಡಾಡಬೇಕು. ಮಲಗಿದರೆ ಅನ್ನನಾಳಕ್ಕೆ ಅಂಟಿ ಹುಣ್ಣಾಗುತ್ತದೆ. ಮೈಸೂರು ಸೀಮೆಯಲ್ಲಿ ಇದನ್ನು ಕೆಡಿಸುವುದು ಕಾಫಿ: ಮಾತ್ರೆ ಹಾಕಿಕೊಂಡ ಮೇಲೆ ಅರ್ಧ ಗಂಟೆ ತಡೆಯಲಾಗದೆ ಎರಡು ಗುಟುಕು ಕುಡಿದರೆ ಮಾತ್ರೆ ಹೆಚ್ಚುಕಡಿಮೆ ಚರಂಡಿಗೆ ಹೋದ ಹಾಗೆ. ಕ್ಯಾಲ್ಸಿಯಂ ಮಾತ್ರೆ ಜೊತೆಗೆ ನುಂಗಿದರೂ ಅಷ್ಟೇ.

ಅರ್ಧ ಗಂಟೆ ಕೂರಲಾಗದವರಿಗೆ, ಹೊಟ್ಟೆ ಉರಿ ಇರುವವರಿಗೆ ವರ್ಷದ ಡ್ರಿಪ್ ಒಳ್ಳೆಯದು. ಜೊಲೆಡ್ರೊನಿಕ್ ಆಮ್ಲ 5 ಮಿ.ಗ್ರಾಂ, ಕನಿಷ್ಠ 15 ನಿಮಿಷ ನಿಧಾನವಾಗಿ. ಮೊದಲ ಸಲ ಒಂದರಿಂದ ಮೂರು ದಿನ ಜ್ವರ, ಮೈಕೈ ನೋವು ಬರಬಹುದು, ಪ್ಯಾರಸಿಟಮಾಲಿಗೆ ಇಳಿಯುತ್ತದೆ. ಕಿಡ್ನಿಯ ಸೋಸುವ ಶಕ್ತಿ ನಿಮಿಷಕ್ಕೆ 35 ಮಿ.ಲೀ.ಗಿಂತ ಕಡಿಮೆ ಇದ್ದರೆ ಕೊಡಬಾರದು. ಡಿ ಮತ್ತು ಕ್ಯಾಲ್ಸಿಯಂ ಮೊದಲು ಸರಿಮಾಡಿಕೊಂಡಿರಬೇಕು, ಇಲ್ಲದಿದ್ದರೆ ಕೈಕಾಲು ಸೆಳೆತ.

ಆರು ತಿಂಗಳ ಇಂಜೆಕ್ಷನ್ ಡೆನೊಸುಮ್ಯಾಬ್ 60 ಮಿ.ಗ್ರಾಂ. ಕಿಡ್ನಿ ದುರ್ಬಲವಿದ್ದವರಿಗೂ ಕೊಡುತ್ತಾರೆ, ಆದರೆ ಡಯಾಲಿಸಿಸ್‌ನಲ್ಲಿರುವವರಿಗೆ ಕ್ಯಾಲ್ಸಿಯಂ ಅಪಾಯಕಾರಿಯಾಗಿ ಕುಸಿಯಬಹುದು. ಇದರ ನಿಜವಾದ ಮುಳ್ಳು ಬೇರೆ: ‘ನೋವು ಹೋಯಿತಲ್ಲ’ ಎಂದು ಬಿಟ್ಟರೆ, ತಿಂಗಳುಗಟ್ಟಲೆ ತಡಮಾಡಿದರೆ, ತಡೆಹಿಡಿದಿದ್ದ ಮೂಳೆ ಕರಗುವಿಕೆ ಒಮ್ಮೆಲೆ ನುಗ್ಗಿ ಎರಡು ಮೂರು ಮಣಿ ಒಟ್ಟಿಗೆ ಕುಸಿಯಬಹುದು. ನಿಲ್ಲಿಸುವುದಾದರೆ ಬದಲಿ ಔಷಧ ಹಿಡಿದೇ ನಿಲ್ಲಿಸಬೇಕು. ಮುಂದಿನ ತಾರೀಖನ್ನು ಒಂಟಿಕೊಪ್ಪಲ್ ಪಂಚಾಂಗದ ಮೇಲೇ ಬರೆದಿಡಿ.

ಎರಡು ಮೂರು ಮಣಿ ಹೋಗಿದ್ದರೆ ಮೂಳೆ ಕಟ್ಟುವ ಟೆರಿಪ್ಯಾರಟೈಡ್ ಉತ್ತಮ. ದಿನಾ 20 ಮೈಕ್ರೊಗ್ರಾಂ, ಹೊಟ್ಟೆಯ ಅಥವಾ ತೊಡೆಯ ಚರ್ಮದಡಿ, ಹೆಚ್ಚೆಂದರೆ ಎರಡು ವರ್ಷ. ಪೆನ್ನನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿಡಬೇಕು, ಫ್ರೀಜರಿನಲ್ಲಲ್ಲ. ಮೂಳೆಗೆ ಕ್ಯಾನ್ಸರ್ ಹರಡಿದವರಿಗೆ, ರೇಡಿಯೇಷನ್ ಆದವರಿಗೆ ನಿಷಿದ್ಧ. ಇದು ಮುಗಿದ ಮೇಲೂ ಮೇಲಿನ ಮೂರರಲ್ಲಿ ಒಂದು ಹಿಡಿಯದಿದ್ದರೆ ಕಟ್ಟಿದ್ದು ಕರಗುತ್ತದೆ.

ದವಡೆಯ ತೊಂದರೆ ಹೆಚ್ಚಾಗಿ ಬರುವುದು ಕ್ಯಾನ್ಸರಿಗೆ ಕೊಡುವ ದೊಡ್ಡ ಪ್ರಮಾಣದಲ್ಲಿ. ಈ ಪ್ರಮಾಣದಲ್ಲಿ ಬಹಳ ಅಪರೂಪ. ಕೀಳಿಸಬೇಕಾದ ಹಲ್ಲಿದ್ದರೆ ಮೊದಲು ಕೀಳಿಸಿ, ಗಾಯ ಮಾಗಿದ ಮೇಲೆ ಶುರುಮಾಡಿ. ವರ್ಷಗಟ್ಟಲೆ ಮಾತ್ರೆ ನುಂಗಿದವರಿಗೆ ತೊಡೆಯಲ್ಲಿ ಹೊಸದಾಗಿ ಮಂದನೋವು ಬಂದರೆ ಎಕ್ಸ್‌ರೇ ತೆಗೆಸಬೇಕು. ಮಾತ್ರೆಯನ್ನು ಐದು ವರ್ಷಕ್ಕೆ, ಡ್ರಿಪ್ಪನ್ನು ಮೂರು ವರ್ಷಕ್ಕೆ ಮರುಪರಿಶೀಲಿಸುತ್ತಾರೆ.

ಪ್ರಶ್ನೆ: ಮೂವತ್ತು ವರ್ಷದಿಂದ ಯೋಗ ಮಾಡುತ್ತೇನೆ. ಮಣಿ ಕುಸಿದು ನಾಲ್ಕು ತಿಂಗಳಾಯಿತು, ನೋವಿಲ್ಲ. ಸೂರ್ಯನಮಸ್ಕಾರ, ಚಾಮುಂಡಿಬೆಟ್ಟದ ಮೆಟ್ಟಿಲು ಮತ್ತೆ ಶುರುಮಾಡಲೇ? (ಜಯಲಕ್ಷ್ಮಿಪುರಂ, ಮೈಸೂರು)

ಉತ್ತರ: ಯೋಗ ಬಿಡಬೇಡಿ, ಮುಂದೆ ಬಾಗುವುದನ್ನು ಬಿಡಿ. ಪಶ್ಚಿಮೋತ್ತಾನಾಸನ, ಪಾದಹಸ್ತಾಸನ, ಹಲಾಸನ, ಬಲವಾಗಿ ತಿರುಚುವ ಆಸನಗಳು ಇನ್ನು ನಿಮಗಲ್ಲ. ಸೂರ್ಯನಮಸ್ಕಾರದಲ್ಲಿ ಎರಡು ಕಡೆ ಪೂರ್ತಿ ಬಾಗುವುದಿದೆ, ಹಾಗಾಗಿ ಅದೂ ಬೇಡ. 1984ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ ಪ್ರಕಟಿಸಿದ ಸಣ್ಣ ಅಧ್ಯಯನದಲ್ಲಿ ಮುಂದೆ ಬಾಗುವ ವ್ಯಾಯಾಮ ಮಾಡಿದ ಹೆಂಗಸರಲ್ಲಿ ಶೇ 89 ಮಂದಿಗೆ ಹೊಸ ಕುಸಿತವಾಯಿತು, ಬೆನ್ನು ಹಿಂದಕ್ಕೆ ನೇರವಾಗಿಸುವ ವ್ಯಾಯಾಮದವರಲ್ಲಿ ಶೇ 16 ಮಂದಿಗೆ. ತಾಡಾಸನ, ಗೋಡೆ ಹಿಡಿದು ವೃಕ್ಷಾಸನ, ಬೋರಲು ಮಲಗಿ ಎದೆಯನ್ನಷ್ಟೇ ಒಂದೆರಡು ಅಂಗುಲ ಎತ್ತುವ ಹಗುರ ಭುಜಂಗಾಸನ, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಹತ್ತು ಸಲ: ಇವು ಸಾಕು. ಬೆಟ್ಟಕ್ಕೆ ಬಸ್ಸಿನಲ್ಲಿ ಹೋಗಿ ದರ್ಶನ ಮಾಡಿ ಬನ್ನಿ, ಸಾವಿರ ಮೆಟ್ಟಿಲು ಇಳಿಯುವಾಗ ಜಾರಿದರೆ ಕಥೆ ಬೇರೆ. ನಡೆಯಲು ಕುಕ್ಕರಹಳ್ಳಿ ಕೆರೆ ಏರಿ ಇದೆ.

ಪ್ರಶ್ನೆ: ಇದು ಹೆಂಗಸರ ಕಾಯಿಲೆ ಅಲ್ಲವೇ? ನನಗೆ 66, ಗಂಡಸು. ಉಬ್ಬಸಕ್ಕೆ ಆಗಾಗ ಮಾತ್ರೆ ನುಂಗುತ್ತೇನೆ, ಬೀಡಿ ಸೇದುತ್ತೇನೆ. ಮಣಿ ಕುಸಿದಿದೆ ಅಂದರು. (ಹುಣಸೂರು)

ಉತ್ತರ: ಗಂಡಸರಿಗೆ ಬಂದಾಗ ‘ಯಾಕೆ ಬಂತು’ ಎಂದು ಇನ್ನೂ ಜೋರಾಗಿ ಹುಡುಕಬೇಕು. ನಿಮ್ಮ ಪತ್ರದಲ್ಲೇ ಎರಡು ಕಾರಣ ಇವೆ. ಉಬ್ಬಸದ ಮಾತ್ರೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಇರಬಹುದು. ದಿನಕ್ಕೆ 5 ಮಿ.ಗ್ರಾಂ ಮೂರು ತಿಂಗಳು ನುಂಗಿದರೂ ಮೂಳೆ ಸೊರಗುತ್ತದೆ. ತಟ್ಟನೆ ನಿಲ್ಲಿಸಬೇಡಿ, ಜೀವಕ್ಕೇ ಅಪಾಯ. ಇನ್ಹೇಲರಿಗೆ ಬದಲಾಯಿಸಿ ನಿಧಾನ ಇಳಿಸಲು ವೈದ್ಯರನ್ನು ಕೇಳಿ. ಹೆಸರಿಲ್ಲದ ಪೊಟ್ಟಣದ ‘ಕೀಲುನೋವಿನ ಪುಡಿ’ಗಳಲ್ಲೂ ಸ್ಟೀರಾಯ್ಡ್ ಬೆರೆಸಿರುವುದುಂಟು. ಬೀಡಿ ಇಂದೇ ನಿಲ್ಲಲಿ. ಹೆಂಡ, ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಡುವ ಹಾರ್ಮೋನ್ ಇಂಜೆಕ್ಷನ್, ಟೆಸ್ಟೊಸ್ಟಿರೋನ್ ಕೊರತೆ ಉಳಿದ ಕಾರಣಗಳು.

ಪ್ರಶ್ನೆ: ನೋವೇನೂ ಇಲ್ಲ, ಆದರೆ ಅಮ್ಮ ಗಿಡ್ಡ ಆಗಿದ್ದಾರೆ, ಸೆರಗು ನೆಲ ತಾಗುತ್ತದೆ. (ಕೆ.ಆರ್. ಪೇಟೆ)

ಉತ್ತರ: ಅಳೆಯಿರಿ. ಬರಿಗಾಲಲ್ಲಿ ಗೋಡೆಗೆ ಹಿಮ್ಮಡಿ, ಬೆನ್ನು ತಾಗಿಸಿ ನಿಲ್ಲಿಸಿ, ತಲೆಯ ಮೇಲೆ ಗಟ್ಟಿ ರಟ್ಟಿನ ಪುಸ್ತಕ ಇಟ್ಟು ಗುರುತು ಹಾಕಿ. ವಯಸ್ಸಿನಲ್ಲಿದ್ದ ಎತ್ತರಕ್ಕಿಂತ 4 ಸೆಂ.ಮೀ. ಇಳಿದಿದ್ದರೆ ಲ್ಯಾಟರಲ್ ಎಕ್ಸ್‌ರೇ ಬೇಕು. ಸರ್ಕಾರಿ ಕೆಲಸದಲ್ಲಿದ್ದವರ ಸರ್ವೀಸ್ ರಿಜಿಸ್ಟರಿನಲ್ಲಿ ಹಳೆಯ ಎತ್ತರ ಸಿಗುತ್ತದೆ. ಹಾಗೆ ನಿಂತಾಗ ತಲೆಯ ಹಿಂಭಾಗ ಗೋಡೆಗೆ ತಾಗದಿದ್ದರೆ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಎರಡು ಬೆರಳು ಹಿಡಿಸದಿದ್ದರೆ ಮಣಿಗಳು ಸದ್ದಿಲ್ಲದೆ ಕುಸಿದಿರುವ ಸಾಧ್ಯತೆ ದೊಡ್ಡದು.

ಪ್ರಶ್ನೆ: ಯಾವ ಲಕ್ಷಣ ಬಂದರೆ ಬೆಳಗಾಗುವವರೆಗೆ ಕಾಯಬಾರದು? (ಶ್ರೀರಂಗಪಟ್ಟಣ)

ಉತ್ತರ: ಕಾಲಿನ ಬಲ ಕುಗ್ಗಿ ಚಪ್ಪಲಿ ಜಾರತೊಡಗಿದರೆ, ಎರಡೂ ಕಾಲಿಗೆ ಜೋಮು ಹತ್ತಿದರೆ, ತೊಡೆಸಂದಿ ಮತ್ತು ಗುದದ ಸುತ್ತ ಸ್ಪರ್ಶ ಗೊತ್ತಾಗದಿದ್ದರೆ, ಮೂತ್ರ ಕಟ್ಟಿಕೊಂಡರೆ ಅಥವಾ ಗೊತ್ತಿಲ್ಲದೆ ಹೋದರೆ. ಕುಸಿದ ಮಣಿಯ ಚೂರು ಬೆನ್ನುಹುರಿಯನ್ನು ಒತ್ತುತ್ತಿದೆ ಎಂದರ್ಥ, ಗಂಟೆಗಳ ಲೆಕ್ಕ. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ನೇರ ಹೋಗಿ, ಸಣ್ಣ ಕ್ಲಿನಿಕ್ಕುಗಳಲ್ಲಿ ಹೊತ್ತು ಕಳೆಯಬೇಡಿ. ಆಟೋದಲ್ಲಿ ಕೂರಿಸಿಕೊಂಡು ಹೋಗಬೇಡಿ. 108ಕ್ಕೆ ಕರೆ ಮಾಡಿ, ಹಲಗೆಯ ಮೇಲೆ ಅಂಗಾತ ಮಲಗಿಸಿ ಸಾಗಿಸಿ. ಹಳೆಯ ಎಕ್ಸ್‌ರೇ, ಎಂಆರ್‌ಐ ಫಿಲ್ಮುಗಳು, ನುಂಗುತ್ತಿರುವ ಮಾತ್ರೆಗಳ ಚೀಲ ಜೊತೆಗಿರಲಿ.